ಬೇಲೂರು, ಮುಳ್ಳಯ್ಯನಗಿರಿ ಸುತ್ತೋರಿಗೆ: ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ ಬಾಡಿ

ಕ್ಯಾಮೆರಾ ಕಿಟ್ ಜೊತೆ ಬರೋ 16-50 ಎಂಎಂ ಲೆನ್ಸ್ ಬಿಸಿಲಲ್ಲಿ ಪರವಾಗಿಲ್ಲ, ಬೇಲೂರು ದೇವಸ್ಥಾನದ ನವರಂಗದೊಳಗೆ (ಕಂಬಗಳ ಒಳಮಂಟಪ) ಕೈಕೊಡುತ್ತೆ. ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರೋ ಕಿಂಡಿ) ಎಫ್ 5.6ಕ್ಕೆ ಕಿರಿದಾಗಿ, ಬೆಳಕಿಗೆ ಸೆನ್ಸರ್ ಸ್ಪಂದಿಸೋ ಮಟ್ಟವಾದ ಐಎಸ್‌ಒ ಏರಿ, ಕಂಬದ ನುಣುಪೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತೆ. ಎಫ್ 2.8 ಅಂದ್ರೆ ಅದರ ನಾಲ್ಕು ಪಟ್ಟು ಬೆಳಕು. ಎಪಿಎಸ್-ಸಿ ಅನ್ನೋ ಚಿಕ್ಕ ಸೆನ್ಸರಿನ ಕ್ಯಾಮೆರಾಗೆ ಸಿಗ್ಮಾ 18-50 ಎಂಎಂ ಎಫ್ 2.8 ಲೆನ್ಸ್ ಒಳ್ಳೆ ಜೋಡಿ, ತೂಕ 300 ಗ್ರಾಂ ಒಳಗೆ. ಒಂದೇ ತೊಂದರೆ: ಅದರಲ್ಲಿ ಕೈನಡುಕ ಸರಿಪಡಿಸೋ ಸ್ಟೆಬಿಲೈಸೇಶನ್ ಇಲ್ಲ, ಸೋನಿ ಎ6400 ಬಾಡಿಯಲ್ಲೂ ಇಲ್ಲ. ಇವೆರಡನ್ನೇ ತಗೊಂಡರೆ 50 ಎಂಎಂನಲ್ಲಿ ಶಟರ್ 1/80 ಸೆಕೆಂಡಿಗಿಂತ ನಿಧಾನ ಬೇಡ. ಸೋನಿ ಎ6700 ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇದೆ, ಆದರೆ ಸುಮಾರು 90 ಗ್ರಾಂ ಜಾಸ್ತಿ, ಜೇಬಿಗೂ ಭಾರ. ಟ್ರೈಪಾಡ್ ನೆಚ್ಚಿಕೊಳ್ಳಬೇಡಿ, ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹೊರಗಿನ ಮದನಿಕೆಯರು ಸೂರಿನಡಿ ಎತ್ತರದಲ್ಲಿದ್ದಾರೆ, ಅಲ್ಲಿಗೆ 50 ಎಂಎಂ ಸಾಲಲ್ಲ. 55-210 ಎಂಎಂನಂಥ ಹಗುರ ಜೂಮ್ ಲೆನ್ಸ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸಾಕು. ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ.

ಗಿರಿಯ ಮಂಜಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಲೆನ್ಸಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಮೀಟರ್ ಇಡಿ; 40ರಿಂದ 50 ಪರ್ಸೆಂಟ್ ಇರಲಿ. ನೀಲಿ ಕಾಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆ ಮಾತ್ರ ಅಡುಗೆಗೆ ಬೇಡ, ನೀಲಿ ಬಣ್ಣ ವಿಷ.