ಪಾರ್ಕಿನ್ಸನ್ ಇರಬಹುದೇ? ಗುರುತಿಸುವುದು, ಪತ್ತೆ ಮಾಡಿಸುವುದು

ಪಾರ್ಕಿನ್ಸನ್ ಎಂಬ ಮೆದುಳಿನ ಕಾಯಿಲೆ ಎಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕೈ ನಡುಕದ ಕಡೆಗೆ. ನರರೋಗ ತಜ್ಞರು ಹುಡುಕುವುದು ಬೇರೆಯದನ್ನು: ಚಲನೆ ನಿಧಾನವಾಗಿದೆಯೇ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಸಣ್ಣದಾಗುತ್ತಾ ಹೋಗುತ್ತದೆಯೇ? ಈ ನಿಧಾನಗತಿ ಇರಲೇಬೇಕು. ಜೊತೆಗೆ ಕೈಕಾಲು ಸುಮ್ಮನಿದ್ದಾಗ ಬರುವ ನಡುಕ, ಇಲ್ಲವೇ ಸ್ನಾಯುಗಳ ಬಿಗಿತ, ಎರಡರಲ್ಲಿ ಒಂದಾದರೂ ಇರಬೇಕು. ನಡುಕವೇ ಇಲ್ಲದ ರೋಗಿಗಳು ಸಾಕಷ್ಟಿದ್ದಾರೆ. ‘ವಯಸ್ಸಾಯಿತು, ನಿಧಾನವಾಗಿದ್ದಾರೆ’ ಎಂದು ಮನೆಯವರು ವರ್ಷಗಟ್ಟಲೆ ಸುಮ್ಮನಿರುವುದು ಇಂಥವರ ವಿಷಯದಲ್ಲೇ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ರಕ್ತ ಪರೀಕ್ಷೆಯಲ್ಲಾಗಲಿ ಸಾಮಾನ್ಯ ಎಂಆರ್‌ಐನಲ್ಲಾಗಲಿ ಪಾರ್ಕಿನ್ಸನ್ ಹೀಗೆಂದು ಕಾಣಿಸುವುದಿಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಬಗ್ಗೆ ಬರೆದಾಗ, ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ಕಂಡದ್ದಷ್ಟೇ. ಇವತ್ತಿಗೂ ಪತ್ತೆಯ ಮುಖ್ಯ ಸಾಧನ ವೈದ್ಯರ ಕಣ್ಣು ಮತ್ತು ನೀವು ಹೇಳುವ ವಿವರ. ಹಾಗಾಗಿ ತಯಾರಿ ಮಾಡಿಕೊಂಡು ಹೋದವರಿಗೆ ಉತ್ತರ ಬೇಗ ಸಿಗುತ್ತದೆ.

ಮನೆಯಲ್ಲೇ ಕಾಣುವ ಗುರುತುಗಳು

ಕಾಯಿಲೆ ಶುರುವಾಗುವುದು ಬಹುತೇಕ ಒಂದೇ ಬದಿಯಲ್ಲಿ. ನಡೆಯುವಾಗ ಒಂದು ಕೈ ಬೀಸುತ್ತದೆ, ಇನ್ನೊಂದು ಮೈಗೆ ಅಂಟಿದಂತೆ ಇರುತ್ತದೆ. ಆ ಬದಿಯ ಭುಜ ಹಿಡಿದುಕೊಂಡು ನೋಯುತ್ತದೆ. ಇದನ್ನು ಕೀಲಿನ ತೊಂದರೆ ಎಂದುಕೊಂಡು ತಿಂಗಳುಗಟ್ಟಲೆ ಭುಜಕ್ಕೆ ಚಿಕಿತ್ಸೆ ಪಡೆದವರು ಕಡಿಮೆಯಿಲ್ಲ. ಗುಂಡಿ ಹಾಕುವುದು, ಹಲ್ಲುಜ್ಜುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ತಡವಾಗುತ್ತದೆ. ಮುಖದಲ್ಲಿ ಭಾವ ಕಡಿಮೆಯಾಗಿ ‘ಯಾಕೆ ಸಿಟ್ಟಾ?’ ಎಂದು ಬೇರೆಯವರು ಕೇಳುತ್ತಾರೆ. ಮಾತು ಮೆಲ್ಲಗಾಗುತ್ತದೆ, ಆದರೆ ಮಾತಾಡುವವರಿಗೆ ತಮ್ಮ ದನಿ ಸರಿಯಾಗಿಯೇ ಇದೆ ಅನ್ನಿಸುತ್ತಿರುತ್ತದೆ.

ಚಲನೆಗೆ ಸಂಬಂಧವೇ ಇಲ್ಲದ ಲಕ್ಷಣಗಳು ಇದಕ್ಕಿಂತ ವರ್ಷಗಳ ಮೊದಲೇ ಬಂದಿರಬಹುದು: ವಾಸನೆ ತಿಳಿಯದಿರುವುದು, ಹಟಮಾರಿ ಮಲಬದ್ಧತೆ, ಖಿನ್ನತೆ. ಎಲ್ಲಕ್ಕಿಂತ ಮುಖ್ಯವಾದದ್ದು ಕನಸಿಗೆ ತಕ್ಕಂತೆ ಕೂಗುವುದು, ಗುದ್ದುವುದು, ಒದೆಯುವುದು. ಕನಸು ಬೀಳುವ ಹಂತದಲ್ಲಿ ಸ್ನಾಯುಗಳು ಸಡಿಲಗೊಂಡು ಮೈ ಅಲುಗದಂತೆ ಇರಬೇಕು. ಆ ತಡೆ ತಪ್ಪಿದಾಗ ಹೀಗಾಗುತ್ತದೆ. ಪಕ್ಕದಲ್ಲಿ ಮಲಗುವವರನ್ನು ಕೇಳದೆ ಇದು ಗೊತ್ತಾಗುವುದಿಲ್ಲ. ವಾಸನೆ ಹೋಗುವುದಕ್ಕೂ ಮಲಬದ್ಧತೆಗೂ ಬೇರೆ ನೂರು ಕಾರಣಗಳಿವೆ, ಅವನ್ನೇ ಹಿಡಿದುಕೊಂಡು ಗಾಬರಿಯಾಗಬೇಕಿಲ್ಲ. ಕನಸಿನಲ್ಲಿ ಒದೆಯುವುದಿದ್ದರೆ ಮಾತ್ರ ವೈದ್ಯರಿಗೆ ತಪ್ಪದೆ ಹೇಳಿ.

ವಿಡಿಯೊ ಮಾಡಿಕೊಳ್ಳಿ

ಆಸ್ಪತ್ರೆಯಲ್ಲಿ ವೈದ್ಯರೆದುರು ಕುಳಿತಾಗ ಲಕ್ಷಣ ಬದಲಾಗಬಹುದು. ಆತಂಕದಿಂದ ನಡುಕ ಹೆಚ್ಚುತ್ತದೆ, ನಡಿಗೆ ಮಾತ್ರ ಆ ಹತ್ತು ಹೆಜ್ಜೆ ಚೆನ್ನಾಗಿಯೇ ಇರುತ್ತದೆ. ಮನೆಯಲ್ಲಿ ಮಾಡಿಕೊಂಡ ಮೂರು ಚಿಕ್ಕ ವಿಡಿಯೊಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ತೋಳು ಮುಚ್ಚದ ಬಟ್ಟೆ, ಒಳ್ಳೆಯ ಬೆಳಕು ಇರಲಿ. ಸ್ಲೋ ಮೋಷನ್ ಬೇಡ, ವೇಗವೇ ಇಲ್ಲಿ ಮುಖ್ಯ.

ಮೊದಲನೆಯದು, ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಇಟ್ಟು ಕುಳಿತು 100ರಿಂದ ಏಳೇಳು ಕಳೆಯುತ್ತಾ ಹಿಂದಕ್ಕೆ ಎಣಿಸುವುದು. ಮನಸ್ಸು ಲೆಕ್ಕದಲ್ಲಿದ್ದಾಗ ಅಡಗಿದ್ದ ನಡುಕ ಹೊರಬರುತ್ತದೆ.

ಎರಡನೆಯದು, ಹೆಬ್ಬೆರಳಿಗೆ ತೋರುಬೆರಳನ್ನು ತಟ್ಟುವುದು. ಬೆರಳುಗಳನ್ನು ಆದಷ್ಟು ಅಗಲ ತೆರೆದು, ಆದಷ್ಟು ವೇಗವಾಗಿ, ಒಂದೊಂದೇ ಕೈಯಲ್ಲಿ 15 ಸೆಕೆಂಡು. ವೇಗ ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಮೊದಲ ನಾಲ್ಕೈದು ತಟ್ಟು ಅಗಲವಾಗಿ ಬಂದು, ಆಮೇಲೆ ಅಂತರ ಕುಗ್ಗುತ್ತಾ, ನಡುವೆ ತಡವರಿಸಿ ನಿಂತು, ಕೊನೆಗೆ ಬೆರಳು ಬಿಟ್ಟೂಬಿಡದಂತಾದರೆ ಅದು ಅರ್ಥವಿರುವ ಗುರುತು. ಸಂಧಿವಾತ ಇದ್ದವರದು ಮೊದಲಿನಿಂದ ಕೊನೆಯವರೆಗೂ ಒಂದೇ ಹದದ ನಿಧಾನ, ಕುಗ್ಗುವಿಕೆ ಇರುವುದಿಲ್ಲ.

ಮೂರನೆಯದು, ಕೈಯೂರದೆ ಕುರ್ಚಿಯಿಂದ ಎದ್ದು, ಐದಾರು ಮೀಟರ್ ನಡೆದು, ತಿರುಗಿ ಬರುವುದು. ಪಾದದಿಂದ ತಲೆಯವರೆಗೆ ಚೌಕಟ್ಟಿನೊಳಗಿರಲಿ. ತಿರುಗುವಾಗ ಎಷ್ಟು ಹೆಜ್ಜೆ ಬೇಕಾಯಿತೆಂದು ಎಣಿಸಿ.

ಇದರ ಜೊತೆ ಗೆರೆಯಿಲ್ಲದ ಹಾಳೆಯಲ್ಲಿ ಒಂದೇ ವಾಕ್ಯವನ್ನು ಐದು ಸಲ ಬರೆಸಿ. ಗೆರೆ ಹಾಕಿದ ಹಾಳೆ ಬೇಡ. ಗೆರೆ ಕಂಡರೆ ಅಕ್ಷರ ತಾನಾಗಿ ದೊಡ್ಡದಾಗಿ, ಕುಗ್ಗುವುದು ಕಾಣದೇ ಹೋಗುತ್ತದೆ. ಐದಾರು ವರ್ಷ ಹಳೆಯ ಸಹಿ ಸಿಕ್ಕರೆ ಅದನ್ನೂ ಜೊತೆಗಿಡಿ.

ಮಾತ್ರೆಗಳ ಪಟ್ಟಿ ಬಿಡಬೇಡಿ

ಹೆಚ್ಚು ಎಡವುವುದು ಇಲ್ಲೇ. ಕೆಲವು ಔಷಧಿಗಳು ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಥೇಟ್ ಪಾರ್ಕಿನ್ಸನ್ನಿನಂತೆಯೇ ಕಾಣುವ ಸ್ಥಿತಿ ತರುತ್ತವೆ. ಹಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಮಾನಸಿಕ ಕಾಯಿಲೆಯ ಔಷಧಿಗಳು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ಹೊಟ್ಟೆಯುಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್, ತಲೆಸುತ್ತು ಅಥವಾ ಮೈಗ್ರೇನ್‌ಗೆ ಕೊಡುವ ಸಿನ್ನರಿಜಿನ್ ಮತ್ತು ಫ್ಲುನರಿಜಿನ್ ಈ ಗುಂಪಿನವು. ಗ್ಯಾಸ್ಟ್ರಿಕ್ ಮಾತ್ರೆಯೊಂದರ ಜೊತೆ ಬೆರೆತ ಲೆವೊಸಲ್ಪಿರೈಡ್ ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಹೆಸರು ಹೇಳಿದರೆ ಸಾಲದು, ಹಿಂದಿನ ಒಂದು ವರ್ಷದಲ್ಲಿ ನುಂಗಿದ್ದೆಲ್ಲದರ ಚೀಟಿ, ಖಾಲಿ ಸ್ಟ್ರಿಪ್ ಒಯ್ಯಿರಿ. ವೈದ್ಯರ ಸಲಹೆಯಂತೆ ಕಾರಣವಾದ ಮಾತ್ರೆ ನಿಲ್ಲಿಸಿದ ಮೇಲೂ ಲಕ್ಷಣ ಇಳಿಯಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಮಾನಸಿಕ ಕಾಯಿಲೆಯ ಔಷಧಿಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ.

ನಡುಕದಲ್ಲೂ ವ್ಯತ್ಯಾಸವಿದೆ

ಲೋಟ ಎತ್ತುವಾಗ, ಬರೆಯುವಾಗ ಎರಡೂ ಕೈ ನಡುಗುತ್ತಿದ್ದು, ಸುಮ್ಮನಿದ್ದಾಗ ನಿಂತುಹೋದರೆ ಅದು ಹೆಚ್ಚಾಗಿ ಎಸೆನ್ಷಿಯಲ್ ಟ್ರೆಮರ್ ಎಂಬ ಬೇರೆಯೇ ಕಾಯಿಲೆ. ತಲೆ ಅಲ್ಲಾಡುವುದು, ದನಿ ನಡುಗುವುದು, ಹಿರಿಯರಲ್ಲೂ ಇದ್ದ ಚರಿತ್ರೆ ಅದರ ಕಡೆಗೇ ಬೊಟ್ಟು ಮಾಡುತ್ತವೆ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ, ಬೆರಳುಗಳ ನಡುವೆ ಮಾತ್ರೆ ಹೊರಳಿಸಿದಂತೆ. ಕೈ ಕೆಲಸಕ್ಕೆ ತೊಡಗಿದಾಗ ಅಡಗುತ್ತದೆ. ಒಂದು ಗೊಂದಲವುಂಟು: ಕೈ ಮುಂದಕ್ಕೆ ಚಾಚಿ ಹಿಡಿದರೆ ಕೆಲವು ಸೆಕೆಂಡು ಬಿಟ್ಟು ಅದೇ ನಡುಕ ಮತ್ತೆ ಬರಬಹುದು. ಅದಕ್ಕೇ ಚಾಚಿದ ಕೈಯನ್ನು ತಕ್ಷಣ ಇಳಿಸದೆ ಅರ್ಧ ನಿಮಿಷ ಹಾಗೇ ಹಿಡಿದು ನೋಡಬೇಕು.

ಪರೀಕ್ಷೆಗಳು ಏನು ಹೇಳುತ್ತವೆ

ಆದಷ್ಟು ಚಲನೆಯ ಕಾಯಿಲೆಗಳಲ್ಲಿ ವಿಶೇಷ ಅನುಭವವಿರುವ ನರರೋಗ ತಜ್ಞರನ್ನೇ ಕಾಣಿ. ಎಂಆರ್‌ಐ ಮಾಡಿಸುವುದು ಸಣ್ಣ ಪಾರ್ಶ್ವವಾಯುಗಳು, ಗಡ್ಡೆ, ಮೆದುಳಿನಲ್ಲಿ ನೀರು ತುಂಬಿದ ಸ್ಥಿತಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ‘ಎಂಆರ್‌ಐ ನಾರ್ಮಲ್, ಹಾಗಾದರೆ ಪಾರ್ಕಿನ್ಸನ್ ಅಲ್ಲ’ ಎಂಬ ತರ್ಕ ತಪ್ಪು. ಥೈರಾಯ್ಡ್ ನೋಡುವುದು ನಡುಕಕ್ಕೂ ನಿಧಾನಕ್ಕೂ ಅದು ಕಾರಣವಾಗಬಲ್ಲದು ಎಂದು. ವಯಸ್ಸು 40ರೊಳಗಿದ್ದರೆ, ಮೈಯಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಪರೀಕ್ಷೆ ಬಿಡಲೇಬಾರದು: ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ಕಣ್ಣಿನ ಪರೀಕ್ಷೆ. ಬೇಗ ಸಿಕ್ಕರೆ ಅದಕ್ಕೆ ಚಿಕಿತ್ಸೆಯಿದೆ.

ಡ್ಯಾಟ್ ಸ್ಕ್ಯಾನ್ ಎಂಬ ಮೆದುಳಿನ ಚಿತ್ರಣ ಡೋಪಮಿನ್ ನರತುದಿಗಳ ನಷ್ಟವನ್ನು ತೋರಿಸುತ್ತದೆ. ಎಸೆನ್ಷಿಯಲ್ ಟ್ರೆಮರ್‌ನಲ್ಲೂ ಔಷಧಿಯಿಂದ ಬಂದ ಲಕ್ಷಣದಲ್ಲೂ ಅದು ನಾರ್ಮಲ್ ಆಗಿಯೇ ಬರುತ್ತದೆ, ಆ ಅನುಮಾನ ತೀರಿಸಲು ಒಳ್ಳೆಯದು. ಪಾರ್ಕಿನ್ಸನ್ನನ್ನು ಅದರ ಹತ್ತಿರದ ಕಾಯಿಲೆಗಳಿಂದ ಬೇರೆ ಮಾಡಲು ಅದರಿಂದ ಆಗದು. ಚರ್ಮ ಅಥವಾ ಬೆನ್ನುಹುರಿ ದ್ರವದಲ್ಲಿ ಈ ಕಾಯಿಲೆಯಲ್ಲಿ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಹುಡುಕುವ ಹೊಸ ಪರೀಕ್ಷೆಗಳು ಬಂದಿವೆ. ಅವು ತಜ್ಞರ ತಪಾಸಣೆಗೆ ಬದಲಿಯಲ್ಲ.

ಲೆವೊಡೋಪಾ ಕೊಟ್ಟು ನೋಡುವುದು

ಲೆವೊಡೋಪಾ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಔಷಧಿ. ಅದಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಎಂಬುದೂ ಪತ್ತೆಯ ಭಾಗ. ಸಾಮಾನ್ಯವಾಗಿ 100 ಮಿ.ಗ್ರಾಂ. ಲೆವೊಡೋಪಾ, ಅದು ಮೆದುಳು ತಲುಪಲು ನೆರವಾಗುವ 25 ಮಿ.ಗ್ರಾಂ. ಕಾರ್ಬಿಡೋಪಾ ಇರುವ ಮಾತ್ರೆಯ ಅರ್ಧದಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಕೈಬಿಟ್ಟರೆ ಆ ಪ್ರಯೋಗಕ್ಕೆ ಅರ್ಥವಿಲ್ಲ. ದಿನಕ್ಕೆ 600 ಮಿ.ಗ್ರಾಂ. ಅಥವಾ ಹೆಚ್ಚು ಲೆವೊಡೋಪಾ ತಲುಪಿ, ಕೆಲವು ವಾರ ಕಾದೂ ಗುಣ ಕಾಣದಿದ್ದರೆ ಮಾತ್ರ ಫಲವಿಲ್ಲ ಎನ್ನಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ ತೆಗೆದುಕೊಳ್ಳಿ; ಆಹಾರದ ಪ್ರೋಟೀನ್ ಔಷಧಿ ಒಳಹೋಗುವ ದಾರಿಯಲ್ಲೇ ಪೈಪೋಟಿ ಮಾಡುತ್ತದೆ. ವಾಕರಿಕೆ ಬಂದರೆ ಮೆಟೊಕ್ಲೋಪ್ರಮೈಡ್ ನುಂಗಬೇಡಿ, ಅದು ಇದರ ಕೆಲಸವನ್ನೇ ಕೆಡಿಸುತ್ತದೆ. ನಡುಕಕ್ಕಿಂತ ನಿಧಾನಗತಿಯಲ್ಲಿ ಸುಧಾರಣೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಬೆರಳು ತಟ್ಟುವ ವಿಡಿಯೊವನ್ನೇ ಮತ್ತೆ ಮಾಡಿ ಹೋಲಿಸಿ. ಅಭ್ಯಾಸವಾದ ಮೇಲೆ ಒಮ್ಮೆಲೇ ನಿಲ್ಲಿಸುವುದು ಅಪಾಯ.

ಹೆಸರು ಬದಲಾಗಬಹುದು

ಮೊದಲ ಭೇಟಿಯ ನಿರ್ಣಯ ಅಂತಿಮವಲ್ಲ. 6ರಿಂದ 12 ತಿಂಗಳಿಗೊಮ್ಮೆ ಮರುಪರಿಶೀಲನೆ ಬೇಕು. ಮೊದಲ ಮೂರು ವರ್ಷದೊಳಗೆ ಪದೇ ಪದೇ ಬೀಳುವುದು, ಕಣ್ಣನ್ನು ಕೆಳಗೆ ಹೊರಳಿಸಲಾಗದಿರುವುದು, ಶುರುವಿನಲ್ಲೇ ಮೂತ್ರದ ಹಿಡಿತ ತಪ್ಪುವುದು, ಚಲನೆಯ ತೊಂದರೆಯ ಹಿಂದೆಯೇ ಮರೆವು ಹಾಗೂ ಇಲ್ಲದವರು ಕಾಣಿಸುವುದು, ಲೆವೊಡೋಪಾಗೆ ಜಗ್ಗದಿರುವುದು: ಇವು ಬೇರೆ ಕಾಯಿಲೆಯ ಸೂಚನೆ. ನಿಂತಾಗ ತಲೆ ತಿರುಗಿದರೆ ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೇಲೆ ಒಂದನೇ ಹಾಗೂ ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದಿದ್ದರೆ ಬರೆದಿಟ್ಟು, ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ.