ಕಸಬರಿಗೆ ಹಿಡಿದು ಹಾವು ನೋಡಿದ ಬೇಸಿಗೆಗಳು

ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲೆಲ್ಲಿಗೋ ಹೋಗುತ್ತದೆ. ಹೋಗದೆ ಉಳಿದ ಮೂಲೆ ಮುರಿದ ದಿಮ್ಮಿ, ಬಿರುಕು ಬಿಟ್ಟ ಬಂಡೆಗಳೆಲ್ಲ ಕ್ವಾರಿಯ ಅಂಚಿನಲ್ಲಿ ಗುಡ್ಡವಾಗಿ ಬೀಳುತ್ತವೆ. ನಾನು ಅಂಥದೊಂದು ಕ್ವಾರಿಯಲ್ಲಿ ಲೆಕ್ಕ ಬರೆಯುವವನು. ಮೇ ತಿಂಗಳ ಮಧ್ಯಾಹ್ನ ಆ ರಾಶಿಯತ್ತ ನಾಯಿಯೂ ಸುಳಿಯುವುದಿಲ್ಲ. ಗಿಡವಿಲ್ಲ, ನೆರಳಿಲ್ಲ, ಮೇಲೆ ಸಿಡಿಮದ್ದಿನ ಸದ್ದು ಬೇರೆ. ಅಲ್ಲಿ ಹಾವಿದೆ ಎಂದರೆ ನಗುತ್ತಿದ್ದೆ. ಲೋಡಿಂಗ್ ಹುಡುಗನೊಬ್ಬ ಕಲ್ಲಿನಡಿ ಬೆರಳು ತೂರಿಸಿ ಕಚ್ಚಿಸಿಕೊಂಡ ದಿನ ನಗು ನಿಂತಿತು.

ಆಸ್ಪತ್ರೆಯಲ್ಲಿ ಅವನ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟರು. ಹೆಪ್ಪುಗಟ್ಟಬೇಕಿದ್ದ ರಕ್ತ ಓರೆ ಮಾಡಿದರೆ ನೀರಿನಂತೆ ಹರಿಯಿತು, ವಿಷ ಏರಿದ ಗುರುತು ಅದು. ಪ್ರತಿವಿಷ ಏರಿಸಿದರು, ಹುಡುಗ ಉಳಿದ. ಕಚ್ಚಿದ್ದು ಒಂದೂವರೆ ಗೇಣಿನ ಗರಗಸಮಂಡಲ. ಕೊಲ್ಹಾಪುರದಿಂದ ಬಂದಿದ್ದ ಲಾರಿ ಚಾಲಕ ನೋಡಿದವನೇ ಅದರ ಮರಾಠಿ ಹೆಸರು ಹಿಡಿದು ‘ಫುರಸೆ’ ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಹಗಲು ಹೊತ್ತಿನಲ್ಲಿ ಹಾರೆ ಹಿಡಿದು ಹುಡುಕಿದೆ, ಚೇಳುಗಳೇ ಸಿಕ್ಕವು. ಅಕಸ್ಮಾತ್ ಸಿಕ್ಕ ಎರಡು ಹಾವುಗಳನ್ನು ಡಬ್ಬಿಗೆ ದೂಡಿ, ಆರು ಕಿಲೋಮೀಟರ್ ದೂರದ ಹಳ್ಳದ ದಂಡೆಯಲ್ಲಿ ಬಿಟ್ಟು ಪುಣ್ಯ ಕಟ್ಟಿಕೊಂಡೆ ಎಂದುಕೊಂಡೆ. ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಇದನ್ನು ಕೇಳಿ ಚೆನ್ನಾಗಿಯೇ ಬೈದರು. ಅನುಮತಿಯಿಲ್ಲದೆ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂಬುದು ಒಂದು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಹಾವು ಬಿಲ ಹುಡುಕುತ್ತ ಅಲೆದು ಅಲೆದೇ ಸಾಯಬಹುದು ಎಂಬುದು ಇನ್ನೊಂದು. ಹಸಿರಿದ್ದ ಕಡೆ ಸುಖವಿದೆ ಎಂದು ನಿರ್ಧರಿಸಿದ್ದು ನಾನು, ಹಾವಲ್ಲ.

ಮರುವರ್ಷದಿಂದ ಹಿಡಿಯುವುದನ್ನು ಬಿಟ್ಟು ಕಸಬರಿಗೆ ಹಿಡಿದೆ. ಕ್ವಾರಿಯಲ್ಲಿ ಕಲ್ಲಿನ ಪುಡಿಗೆ ಬರವಿಲ್ಲ, ಅದೂ ಹಿಟ್ಟಿನಷ್ಟು ನುಣುಪು. ಸಂಜೆ ರಾಶಿಯ ಬುಡದ ಸುತ್ತ ಮೊಳದಗಲ ಪುಡಿ ಹರಡಿ, ಗುಡಿಸಿ ಸಮ ಮಾಡುತ್ತಿದ್ದೆ. ಕಾವಲಿನ ಕಾಕಾ ಬೀಡಿ ಹಚ್ಚುತ್ತ ಕೇಳಿದರು: ‘ತಮ್ಮಾ, ಅಂಗಳ ಗುಡಿಸಿದ ಮೇಲೆ ರಂಗೋಲಿ ಯಾಕೆ ಬಾಕಿ?’

‘ಅದನ್ನು ರಾತ್ರಿ ಬರುವವರು ಹಾಕುತ್ತಾರೆ, ಕಾಕಾ.’

ಬೆಳಗ್ಗೆ ನಿಜವಾಗಿಯೂ ಇರುತ್ತಿತ್ತು. ಓರೆಯಾದ ಗೆರೆಗಳು, ಒಂದಕ್ಕೊಂದು ತಾಗದೆ ಸಾಲಾಗಿ, ತುದಿಯಲ್ಲಿ ಸಣ್ಣ ಕೊಕ್ಕೆ. ಈ ಹಾವು ಸಡಿಲ ನೆಲದಲ್ಲಿ ಮೈಯನ್ನು ಎತ್ತಿ ಎತ್ತಿ ಪಕ್ಕಕ್ಕೆ ಹಾಕುತ್ತ ಸಾಗುತ್ತದೆ. ಮೈಯ ಒಂದೆರಡು ಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಗೆರೆಗಳು ಎಲ್ಲಿ ಹೊರಟು ಎಲ್ಲಿ ಮುಗಿಯುತ್ತವೆ ಎಂದು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಮೂರು ವಾರಕ್ಕೆ ಯಾವ ಸಂದು ಯಾರ ಮನೆ ಎಂಬುದು ಹೆಚ್ಚುಕಡಿಮೆ ತಿಳಿಯಿತು. ಕೆಲವು ಸಂದುಗಳ ಬಾಯಿಯಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ ಕಲೆಯೂ ಇತ್ತು. ಹಾವುಗಳಿಗೆ ನಮ್ಮಂತೆ ಮೂತ್ರಕ್ಕೆ ನೀರು ದಂಡ ಮಾಡುವ ಚಾಳಿಯಿಲ್ಲ, ಬಿಳಿ ಮುದ್ದೆಯಾಗಿ ಹೊರಹಾಕುತ್ತವೆ.

ಆಮೇಲೆ ಬಿಸಿ ಅಳೆಯುವ ಹುಚ್ಚು. ಕೊರೊನಾ ಕಾಲದಲ್ಲಿ ಕಾರ್ಮಿಕರ ಹಣೆಗೆ ಹಿಡಿಯುತ್ತಿದ್ದ ಗನ್ ಕಚೇರಿಯಲ್ಲೇ ಬಿದ್ದಿತ್ತು. ಮಧ್ಯಾಹ್ನದ ಬಂಡೆಗೆ ಹಿಡಿದರೆ ಜ್ವರದ ಮಿತಿ ಮೀರಿತೆಂದು ‘ಹೈ’ ಎಂದಷ್ಟೇ ತೋರಿಸಿತು. ಕಾರ್ಖಾನೆಗಳಲ್ಲಿ ಬಳಸುವಂಥದನ್ನು ಕೊಂಡೆ: ಮೇಲ್ಮೈ 57 ಡಿಗ್ರಿ. ಫ್ರಿಜ್ ರಿಪೇರಿಯವರ ತಂತಿ ತುದಿಯ ಥರ್ಮಾಮೀಟರನ್ನು ಬಿದಿರು ಕೋಲಿಗೆ ಕಟ್ಟಿ ಅದೇ ಬಂಡೆಯ ಸಂದಿನೊಳಗೆ ಮೂರು ಅಡಿ ತೂರಿಸಿದೆ: 34. ಒಳಗಿನಿಂದ ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದು ಬಂತು. ಕೋಲನ್ನು ಹೇಗೆ ಎಳೆದುಕೊಂಡೆನೋ ನೆನಪಿಲ್ಲ. ನಾಗರದ ಬುಸುಗುಡುವಿಕೆಯಂತೆ ಇದು ಉಸಿರಿನ ಸದ್ದಲ್ಲ. ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ, ಪಕ್ಕೆಯ ಗರಗಸದಂಥ ಹುರುಪೆಗಳಿಂದ ಹೊರಡಿಸುವ ಸದ್ದು.

ನಾವು ಬಂಡೆಯ ನೆತ್ತಿ ನೋಡಿ ‘ಇಲ್ಲಿ ಬದುಕುವುದು ಹೇಗೆ’ ಎನ್ನುತ್ತೇವೆ. ಹಾವು ಇದ್ದದ್ದು ನೆತ್ತಿಯ ಮೇಲಲ್ಲ. 57 ಡಿಗ್ರಿಯಲ್ಲಿ ಬಿಟ್ಟರೆ ಅದೂ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಟಿಬೆಟಿನಲ್ಲಿ 4,000 ಮೀಟರಿಗೂ ಎತ್ತರದಲ್ಲಿ ಬಿಸಿನೀರಿನ ಬುಗ್ಗೆಗಳ ಪಕ್ಕ ಬದುಕುವ ಹಾವಿದೆ. ಅದು ಚಳಿಯ ನಡುವೆ ಬಿಸಿಯ ಮೂಲೆ ಹುಡುಕಿಕೊಂಡಿದೆ, ನಮ್ಮದು ಬಿಸಿಯ ನಡುವೆ ತಂಪಿನ ಮೂಲೆ.

ಊಟದ ಗುಟ್ಟು ಬಯಲು ಮಾಡಿದ್ದು ವೈರ್‌ಸಾ ಯಂತ್ರ. ಕಲ್ಲು ಕೊಯ್ಯುವಾಗ ತಂತಿ ಕಾಯದಿರಲೆಂದು ನೀರು ಬಿಡುತ್ತಾರೆ. ಅದು ಹರಿದು ರಾಶಿಯ ಬುಡ ಸದಾ ತೇವ. ಮೇಲೆ ರಾತ್ರಿಯಿಡೀ ಉರಿಯುವ ದೊಡ್ಡ ದೀಪ. ದೀಪಕ್ಕೆ ಹುಳು, ಹುಳಕ್ಕೆ ಹಲ್ಲಿ ಮತ್ತು ಚೇಳು. ಎರಡನ್ನೂ ಗರಗಸಮಂಡಲ ತಿನ್ನುತ್ತದೆ. ಹಾವಿಗೆ ಛತ್ರ ಕಟ್ಟಿಸಿದವರು ನಾವೇ. ದೀಪವನ್ನು ಲೋಡಿಂಗ್ ಜಾಗದಿಂದ ಆಚೆ ಸರಿಸಿದೆವು, ಹಾರೆಯಿಂದ ಮೀಟದೆ ಯಾರೂ ಕಲ್ಲಿನಡಿ ಕೈ ಹಾಕಬಾರದೆಂದು ಮಾಡಿದೆವು. ಅಷ್ಟೇ.

ಈ ಸಲ ಏಪ್ರಿಲ್‌ನಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್‌ನವರು ರಾಶಿ ಕೊಂಡರು. ಹಾವುಗಳು ರಾತ್ರಿ ಬೇರೆಡೆ ಸರಿದುಕೊಳ್ಳಲೆಂದು, ದಿನಕ್ಕೊಂದು ಅಂಚು ಮಾತ್ರ ತೆಗೆಯಿರಿ, ರಾತ್ರಿ ಕೆಲಸ ಬೇಡ ಎಂದು ಕೇಳಿಕೊಂಡೆ. ಒಪ್ಪಿದರು, ಅವರ ಬಳಿ ಇದ್ದದ್ದೂ ಒಂದೇ ಟಿಪ್ಪರ್. ಆದರೂ ಮೂರು ಹಾವು ಕಲ್ಲು ಎತ್ತುವ ಯಂತ್ರದ ಬಕೆಟ್ಟಿಗೆ ಸಿಕ್ಕಿ ಸತ್ತವು. ಒಂಬತ್ತನೆಯ ಬೆಳಗ್ಗೆ ನಾನು ಬರುವಷ್ಟರಲ್ಲಿ ಕಾಕಾ ಪಡುವಣ ದಿಕ್ಕಿನ ಹೊಸ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಕಸಬರಿಗೆ. ಹಿಂದಿನ ಸಂಜೆ ತಾವೇ ಗುಡಿಸಿದ್ದರು.

‘ತಮ್ಮಾ, ಇದು ನೋಡು. ಇಷ್ಟು ಸಣ್ಣದೂ ಇರುತ್ತದೆಯೇ?’

ದಪ್ಪ ಗೆರೆಗಳ ಪಕ್ಕದಲ್ಲಿ ಊದುಬತ್ತಿಯ ಕಡ್ಡಿಯಿಂದ ಗೀಚಿದಂಥ ಗೆರೆಗಳಿದ್ದವು. ಈ ಹಾವು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಎಷ್ಟು ಮರಿಗಳೆಂದು ಎಣಿಸಲು ಹೋಗಿ, ಗೆರೆಗಳು ಒಂದರ ಮೇಲೊಂದು ಬಿದ್ದಿದ್ದರಿಂದ, ಆರಕ್ಕೆ ಬಿಟ್ಟೆವು.