ಲೈಸೆನ್ಸ್ ಸಿಗೋ ಮುಂಚೆನೇ ಹ್ಯಾಮ್ ರೇಡಿಯೋ ಕೇಳೋದು ಹೇಗೆ?
ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ಅಂತ ರೇಡಿಯೋದಲ್ಲಿ ದೂರದವರನ್ನ ಸಂಪರ್ಕಿಸೋದು) ಅಂದ್ರೆ ಸುಮಾರು ಜನಕ್ಕೆ ತಾರಸಿ ಮೇಲಿನ ಉದ್ದ ತಂತಿ, ಮೇಜಿನ ಮೇಲಿನ ದೊಡ್ಡ ಸೆಟ್ಟು, ಮೋರ್ಸ್ ಕೀ ಇವೇ ಕಣ್ಮುಂದೆ ಬರತ್ವೆ, ಅಪಾರ್ಟ್‌ಮೆಂಟ್‌ನಲ್ಲಿ ಇರೋರಂತೂ ಅಲ್ಲಿಗೇ ಆಸೆ ಬಿಟ್ಟುಬಿಡ್ತಾರೆ. ಈಗ ಹಾಗೆ ಬಿಡಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್, ಇಂಟರ್ನೆಟ್ ಇದ್ರೆ ಇವತ್ತೇ ಕೇಳೋಕೆ ಶುರು ಮಾಡ್ಬಹುದು. ನನ್ನ ಪ್ರಕಾರ ಮೊದಲು ಕೇಳೋದೇ ಕಲೀಬೇಕು, ಮಾತಾಡೋದು ಆಮೇಲೆ.

ಈಗ ಹ್ಯಾಮ್ ಬ್ಯಾಂಡುಗಳಲ್ಲಿ (ಹ್ಯಾಮ್‌ಗಳಿಗೆ ಮೀಸಲಾದ ಫ್ರೀಕ್ವೆನ್ಸಿಗಳಲ್ಲಿ) ಎಲ್ಲಿ ನೋಡಿದ್ರೂ ಎಫ್‌ಟಿ8 ಅನ್ನೋ ಡಿಜಿಟಲ್ ಮೋಡ್, ಅಂದ್ರೆ ಮಾತಿನ ಬದಲು ಕಂಪ್ಯೂಟರ್ ಚಿಕ್ಕ ಚಿಕ್ಕ ಸಂದೇಶಗಳನ್ನ ಸದ್ದಾಗಿ ಕಳಿಸೋ ರೀತಿ. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ಅನ್ನೋ ಇಬ್ಬರು ಹ್ಯಾಮ್‌ಗಳು ಇದನ್ನ ಹೊರಗೆ ತಂದ್ರು. ಟೇಲರ್ ಅಂದ್ರೆ ಪಲ್ಸರ್ (ರೇಡಿಯೋ ಮಿಡಿತ ಕಳಿಸೋ ನಕ್ಷತ್ರ) ಸಂಶೋಧನೆಗೆ 1993ರ ಭೌತಶಾಸ್ತ್ರ ನೊಬೆಲ್ ಪಡೆದವರೇ. ಆಕಾಶದಿಂದ ಬರೋ ತೀರಾ ಕ್ಷೀಣ ಸಿಗ್ನಲ್ ಹೆಕ್ಕೋದೇ ಅವರ ವೃತ್ತಿ ಆಗಿತ್ತು, ಆ ಜಾಣ್ಮೆ ಇಲ್ಲೂ ಕಾಣತ್ತೆ: ಗದ್ದಲಕ್ಕಿಂತ ಸುಮಾರು 20 ಡಿಬಿ (ಅಂದ್ರೆ ನೂರು ಪಟ್ಟು) ಕೆಳಗಿರೋ, ಕಿವಿಗೆ ಕೇಳಿಸದೇ ಇರೋ ಸಿಗ್ನಲ್ಲನ್ನೂ ಕಂಪ್ಯೂಟರ್ ಓದಿ ಬಿಡತ್ತೆ. ಒಂದೊಂದು ಸಿಗ್ನಲ್ ತಗೊಳ್ಳೋ ಜಾಗ ಬರೀ 50 ಹರ್ಟ್ಜ್.

ಮೊದಲು ಡಬ್ಲ್ಯೂಎಸ್‌ಜೆಟಿ-ಎಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಇಳಿಸ್ಕೊಂಡು ಮೋಡ್ ಎಫ್‌ಟಿ8 ಅಂತ ಇಡಿ, ಆಡಿಯೋ ಸೆಟ್ಟಿಂಗ್‌ನಲ್ಲಿ ಇನ್‌ಪುಟ್‌ಗೆ ಲ್ಯಾಪ್‌ಟಾಪ್ ಮೈಕ್ ಆರಿಸಿ.

ಆಮೇಲೆ ಟೈಮ್, ಹೊಸಬರು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಎಫ್‌ಟಿ8ನಲ್ಲಿ ಎಲ್ಲರೂ 15 ಸೆಕೆಂಡಿನ ಸರದಿಯಲ್ಲಿ ಕಳಿಸ್ತಾರೆ, ನಿಮ್ಮ ಗಡಿಯಾರ ಒಂದೆರಡು ಸೆಕೆಂಡ್ ಆಚೀಚೆ ಆದ್ರೂ ಸ್ಕ್ರೀನ್ ಖಾಲಿ. ವಿಂಡೋಸ್‌ನ ಡೇಟ್ ಅಂಡ್ ಟೈಮ್‌ಗೆ ಹೋಗಿ ‘ಸಿಂಕ್ ನೌ’ ಒತ್ತಿ.

ಈಗ ಮೊಬೈಲ್‌ನಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ಯೂನಿವರ್ಸಿಟಿಯ ವೆಬ್‌ಎಸ್‌ಡಿಆರ್ ತೆಗೀರಿ. ಅಲ್ಲಿರೋ ರಿಸೀವರನ್ನ ಜಗತ್ತಿನ ಯಾರು ಬೇಕಾದ್ರೂ ಬ್ರೌಸರ್‌ನಲ್ಲೇ ಟ್ಯೂನ್ ಮಾಡ್ಬಹುದು, ಒಬ್ಬರು ಟ್ಯೂನ್ ಮಾಡಿದ್ರೆ ಇನ್ನೊಬ್ಬರಿಗೆ ತೊಂದರೆ ಇಲ್ಲ. ಫ್ರೀಕ್ವೆನ್ಸಿ 14074 ಕಿಲೋಹರ್ಟ್ಜ್, ಮೋಡ್ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್), ಫಿಲ್ಟರ್ ಸುಮಾರು 3 ಕಿಲೋಹರ್ಟ್ಜ್‌ವರೆಗೆ ಅಗಲ ಮಾಡಿ, ಇಲ್ಲಾಂದ್ರೆ ಅರ್ಧ ಸ್ಟೇಷನ್‌ಗಳು ತಪ್ಪಿ ಹೋಗತ್ವೆ. ಪೀಪಿಗಳ ಗುಂಪು ಒಟ್ಟಿಗೆ ಊದಿದ ಹಾಗೆ ಒಂದು ಸದ್ದು ಬರತ್ತಲ್ಲ, ಅದೇ ಎಫ್‌ಟಿ8. ಮೊಬೈಲನ್ನ ಮೈಕ್ ಹತ್ರ ಇಟ್ಟು ‘ಮಾನಿಟರ್’ ಬಟನ್ ಒತ್ತಿ. ಮೈಕ್‌ನ ನಾಯ್ಸ್ ಸಪ್ರೆಷನ್ ಆಫ್ ಇರಲಿ, ಫ್ಯಾನಿನ ಸದ್ದೂ ಕಮ್ಮಿ ಇದ್ರೆ ಒಳ್ಳೇದು.

ಸಾಲು ಸಾಲಾಗಿ ಕಾಲ್‌ಸೈನ್ (ಒಬ್ಬೊಬ್ಬ ಹ್ಯಾಮ್‌ಗೂ ಇರೋ ಗುರುತಿನ ಕೋಡ್) ಬರೋಕೆ ಶುರುವಾಗತ್ತೆ. ‘ಸಿಕ್ಯೂ’ ಅಂದ್ರೆ ಯಾರಾದ್ರೂ ಉತ್ತರ ಕೊಡಿ ಅಂತ ಕರೀತಿದ್ದಾರೆ, ಅದರ ಮುಂದೆ ಕಾಲ್‌ಸೈನ್, ಆಮೇಲೆ ನಾಲ್ಕಕ್ಷರದ ಜಾಗದ ಕೋಡ್. ಬೆಂಗಳೂರು, ಮೈಸೂರು ಎರಡೂ ಎಂಕೆ82, ಹುಬ್ಬಳ್ಳಿ ಎಂಕೆ75, ಮಂಗಳೂರು ಎಂಕೆ72. ನಮ್ಮ ದೇಶದ ಹ್ಯಾಮ್‌ಗಳ ಕಾಲ್‌ಸೈನ್ ಹೆಚ್ಚಾಗಿ ವಿಯು2 ಅಥವಾ ವಿಯು3ರಿಂದ ಶುರು, ನಮ್ಮ ಸಂಜೆ ಹೊತ್ತು ಕಾದು ನೋಡಿ, ಎಂಕೆ82ರ ಒಬ್ಬರು ಯಾರೋ ಕಳಿಸಿದ್ದು ಅಯಾನುಗೋಳಕ್ಕೆ (ಸೂರ್ಯನ ಕಿರಣದಿಂದ ವಿದ್ಯುತ್ ಆವೇಶ ಪಡೆದ, ಮೇಲಿನ ಗಾಳಿಯ ಪದರ) ತಾಗಿ ತಾಗಿ ಯುರೋಪ್ ಮುಟ್ಟಿದ್ದು ಕಾಣಿಸಿದ್ರೆ ಆ ಖುಷಿನೇ ಬೇರೆ. ಕಂಪ್ಯೂಟರ್ ಓದತ್ತೆ ನಿಜ, ಆದ್ರೆ ಸಿಗ್ನಲ್ ದಾಟ್ಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋದು ಇವತ್ತಿಗೂ ಸೂರ್ಯನೇ. ಅದಕ್ಕೇ ‘ಎಲ್ಲಾ ಕಂಪ್ಯೂಟರೇ ಮಾಡತ್ತೆ, ಇದು ರೇಡಿಯೋನೇ ಅಲ್ಲ’ ಅನ್ನೋ ಹಿರಿಯ ಹ್ಯಾಮ್‌ಗಳ ಮಾತನ್ನ ನಾನು ಒಪ್ಪಲ್ಲ.

ಒಂದು ವಿಷಯ ಮರೀಬೇಡಿ. ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನ ರಿಪೋರ್ಟಿಂಗ್ ಸೆಟ್ಟಿಂಗ್‌ನಲ್ಲಿ ಪಿಎಸ್‌ಕೆ ರಿಪೋರ್ಟರ್ ಅಂತ ಇದೆ, ಯಾರು ಎಲ್ಲಿ ಕೇಳಿಸಿದ್ರು ಅಂತ ಜಗತ್ತಿನ ಮ್ಯಾಪಿಗೆ ಕಳಿಸೋದು ಅದು. ಟ್ವೆಂಟೆಯಲ್ಲಿ ಕೇಳಿದ್ದು ನಿಮ್ಮ ಊರಲ್ಲಿ ಕೇಳಿದ ಹಾಗೆ ದಾಖಲಾಗಬಾರದು, ಆಫ್ ಇಡಿ.

ಕಳಿಸ್ಬೇಕು ಅಂದ್ರೆ ಲೈಸೆನ್ಸ್ ಬೇಕೇ ಬೇಕು. ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿ (ರೇಡಿಯೋ ಲೈಸೆನ್ಸ್ ನೋಡ್ಕೊಳ್ಳೋ ವಿಭಾಗ) ಪರೀಕ್ಷೆ ಪಾಸಾಗಬೇಕು, 12 ವರ್ಷ ತುಂಬಿದ ಮಕ್ಕಳೂ ಬರೀಬಹುದು. ಲೈಸೆನ್ಸ್‌ನಲ್ಲಿ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೋಡ್ ಬೇಡ, ಜನರಲ್ ಗ್ರೇಡ್‌ಗೆ ಬೇಕು. ಆಮೇಲೆ ಸೆಟ್ಟಿನ ಪವರ್ ಬಗ್ಗೆ ಹುಷಾರು, ಎಫ್‌ಟಿ8 ಪ್ರತಿ ಸರದಿಯಲ್ಲೂ 12 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬಿಡದೆ ಪೂರ್ತಿ ಪವರ್‌ನಲ್ಲಿ ಕಳಿಸತ್ತೆ, ಮಾತಾಡೋವಾಗಿನ ಹಾಗೆ ಮಧ್ಯೆ ಬಿಡುವಿಲ್ಲ, ಹಂಗಾಗಿ 100 ವ್ಯಾಟಿನ ಸೆಟ್ಟಾದ್ರೆ 30ಕ್ಕೆ ಇಳಿಸಿ ಶುರು ಮಾಡಿ.